ಇವತ್ತ ಏನಾತು?

ನಮ್ಮ ಕಾಕು ಬದುಕಿರುವುದೇ ಡೈರಿ ಬರೆಯುವುದಕ್ಕೆ ಎಂದು ನಾನು ಎಷ್ಟೋ ದಿನ ನಂಬಿದ್ದೆ. ಉಳಿದವರು ದಿನ ಕಳೆದ ಮೇಲೆ ಡೈರಿ ಬರೆಯುತ್ತಾರೆ. ಇವಳು ಡೈರಿ ತೆರೆದಿಟ್ಟು ದಿನವನ್ನು ಹುಡುಕಿಕೊಂಡು ಹೊರಡುತ್ತಾಳೆ!

ಕೆನಡಾದ ಬ್ರ್ಯಾಂಪ್ಟನ್ನಿನ ಅವಳ ಅಡುಗೆಮನೆಯಲ್ಲಿ ಸಂಜೆ ಐದಕ್ಕೆ, ಚಹಾ ಆದಮೇಲೆ, ವಿಚಾರಣೆ ಶುರು.

"ಇವತ್ತ ಏನಾತು? ಹೇಳು, ಬರೀಬೇಕು."

ಕಾಲೇಜು ಮುಗಿಸಿ, ಎಂಟು ತಿಂಗಳಿಂದ ಕೆಲಸ ಸಿಗದೆ, ಅವಳ ಬೇಸ್‌ಮೆಂಟಿನಲ್ಲಿ ಮುಸುಕು ಹೊದ್ದು ಬಿದ್ದಿದ್ದವಳು ನಾನು. ನನ್ನದು ಒಂದೇ ಉತ್ತರ: "ಏನೂ ಇಲ್ಲ, ಕಾಕು."

"ಏನೂ ಇಲ್ಲ ಅಂತ ನನ್ನ ಡೈರಿಯೊಳಗ ಬರಿಯಂಗಿಲ್ಲ. ಏಳು, ಜಾಕೆಟ್ ಹಾಕ್ಕೋ!"

ಹೀಗೆ ಎಬ್ಬಿಸಿ, ಒಂದು ದಿನ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಏನಿದೆ ಎಂದು ನೋಡಲು ಕರೆದೊಯ್ದಳು. ಏನಿತ್ತು? ಒಂದು ಬೆಂಚು! "ಗೊತ್ತಾತಲ್ಲ!" ಎಂದು ಗೆದ್ದವರ ಹಾಗೆ ಅದೇ ಬಸ್ಸು ಹತ್ತಿದಳು.

ಡಾಕ್ಟರ ಹತ್ತಿರ ಇನ್ನೂ ಮಜಾ. ಮೊಣಕಾಲು ಯಾವಾಗಿನಿಂದ ನೋವು ಎಂದು ಅವರು ಕೇಳಿದ್ದೇ ತಡ, ಇವಳು ಬ್ಯಾಗಿನಿಂದ ಡೈರಿ ತೆಗೆದು, ನಾನು ಬರುವ ಮೊದಲು ನೋವು ಶುರುವಾದ ಆ ದಿನದ್ದೆಲ್ಲ ಇಂಗ್ಲಿಷಿನಲ್ಲಿ ಓದಿಬಿಟ್ಟಳು: ಮೊಣಕಾಲು ಹಿಡಿಯಿತು, ಶೇಂಗಾ ಹೋಳಿಗೆ ಹರಿದವು, ಬಾಜೂ ಮನೆಯವರು ಹೊಸ ಕಾರು ತಂದರು. ಡಾಕ್ಟರು ಮೊಣಕಾಲು ಬಿಟ್ಟು, "ಯಾವ ಕಾರು?" ಎಂದರು!

ಆಮೇಲೆ ಕ್ಲೈನ್‌ಬರ್ಗಿನ ಆರ್ಟ್ ಗ್ಯಾಲರಿ. ಕಾಡಿನ ಚಿತ್ರವೊಂದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬರೇ ಗಿಡಾನ ಅದಾವಲ್ಲ! ಒಂದ್ ಹಕ್ಕಿ ಕೂಡಿಸಿದ್ರ ಇವರ ಗಂಟೇನ್ ಹೋಗತಿತ್ತು?"

ಸದ್ದು ಕೇಳಿ ಗಾರ್ಡ್ ಬಂದ. ಐದೇ ನಿಮಿಷದಲ್ಲಿ ಅವನ ಕಾಲುನೋವು ವಿಚಾರಿಸಿ, ಬಿಸಿನೀರಿಗೆ ಉಪ್ಪು ಎಷ್ಟು ಹಾಕಬೇಕೆಂದು ಕೈಯಲ್ಲಿ ಅಳತೆ ತೋರಿಸುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ.

ಇಷ್ಟೆಲ್ಲ ಮಾಡಿ ಇವಳು ಬರೆಯುವುದಾದರೂ ಏನು? ಕುತೂಹಲ ಕೊರೆಯತೊಡಗಿತು. ಒಂದು ಮಧ್ಯಾಹ್ನ ಅವಳು ತರಕಾರಿ ತರಲು ಹೋದಾಗ ಕಪಾಟು ತೆರೆದೇಬಿಟ್ಟೆ. ತಪ್ಪು, ಗೊತ್ತು! ಮೊದಲು ಕ್ಲೈನ್‌ಬರ್ಗಿನ ದಿನ ಹುಡುಕಿದೆ. ಗಿಡವೂ ಇಲ್ಲ, ಗಾರ್ಡೂ ಇಲ್ಲ. ಒಂದೇ ಸಾಲು: "ಇವತ್ತ ಇಕಿ ನಕ್ಕಳು."

ಬಸ್ಸಿನ ದಿನ ನೋಡಿದೆ: "ನಗಲಿಲ್ಲ. ಆದ್ರ ರಾತ್ರಿ ಎರಡ್ ರೊಟ್ಟಿ ತಿಂದಳು."

ಕೆಳಗೆ ಅವಳ ಹಳೆಯ ಡೈರಿಯೊಂದಿತ್ತು. ಕೆನಡಾದಲ್ಲಿ ಅವಳ ಮೊದಲ ಚಳಿಗಾಲದ್ದು. ಟ್ರಕ್ಕು ಓಡಿಸುತ್ತಿದ್ದ ಕಾಕಾ ಮನೆ ಬಿಟ್ಟರೆ ವಾರಗಟ್ಟಲೆ ಬರುತ್ತಿರಲಿಲ್ಲವಂತೆ. ಪುಟಗಟ್ಟಲೆ ಒಂದೇ ಮಾತು: "ಇವತ್ತ ಏನೂ ಆಗಲಿಲ್ಲ." "ಇವತ್ತೂ ಏನೂ ಆಗಲಿಲ್ಲ." ಆಮೇಲೊಂದು ದಿನ ದಪ್ಪ ಅಕ್ಷರದಲ್ಲಿ, "ನಾಳೆ ಹಿಂಗ ಬರಿಯೂದಿಲ್ಲ." ಮರುದಿನದ ಪುಟದಲ್ಲಿ: "ಬಸ್ಸಿನ ಕೊನೀ ಸ್ಟಾಪಿಗೆ ಹೋಗಿ ಬಂದೆ. ಒಂದ್ ಬೆಂಚ್ ಐತಿ."

ಅಲ್ಲಿ ಬೆಂಚಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು!

ಐದಾಯಿತು. ಚಹಾ ಆಯಿತು.

"ಇವತ್ತ ಏನಾತು?"

"ನಿನ್ನ ಡೈರಿ ಓದಿದೆ, ಕಾಕು."

ಬೈಯುತ್ತಾಳೆಂದುಕೊಂಡೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಪೆನ್ನನ್ನು ನನ್ನ ಕಡೆ ಸರಿಸಿದಳು.

"ತಗೋ. ಇವತ್ತಿಂದು ನೀನ ಬರಿ."

ನಾನು ಬರೆದೆ: "ಇವತ್ತು ಕಾಕು ಅತ್ತಳು."

ಅವಳು ಓದಿ, ಪೆನ್ನು ಕಿತ್ತುಕೊಂಡು, ಪಕ್ಕದಲ್ಲಿ ಸೇರಿಸಿದಳು: "ಇಕೀನೂ."