ಕಣಿಲೆ ಉಪ್ಪಿನಕಾಯಿಗೊಂದು ಮಾಹಿತಿ ಹಕ್ಕಿನ ಅರ್ಜಿ

ನಮ್ಮ ಸೋದರಮಾವನಿಗೆ ಸುಪ್ರೀಂ ಕೋರ್ಟೆಂದರೆ ಹತ್ತಿರದ ನೆಂಟರ ಮನೆ. ಅಲ್ಲಿ ಇವತ್ತು ತೀರ್ಪು ಬಂದರೆ ನಾಳೆ ತಿತಿಮತಿಯ ಅವರ ಮನೆಯಲ್ಲಿ ಜಾರಿ! ಕಾಫಿ ಎಸ್ಟೇಟಿನಲ್ಲಿ ರೈಟರಾಗಿ ಮೂವತ್ತು ವರ್ಷ ಆಳುಗಳ ಹಾಜರಿ ಬರೆದವರು. ನಿವೃತ್ತರಾದ ಮೇಲೆ ಕೈ ತುರಿಸಿರಬೇಕು. ಗೋಣಿಕೊಪ್ಪಲಿನ ಮೊದಲ ಬಸ್ಸಿನಲ್ಲಿ ಬರುವ ಪೇಪರಿನಿಂದ ತೀರ್ಪುಗಳನ್ನು ಕತ್ತರಿಸಿ ಫೈಲಿಗೆ ಅಂಟಿಸತೊಡಗಿದರು.

ವಿದ್ಯಾರ್ಥಿ ತನ್ನ ಉತ್ತರಪತ್ರಿಕೆ ನೋಡಬಹುದು ಎಂಬ ತೀರ್ಪು ಬಂದದ್ದು ನಾನು ಪಿಯುಸಿ ಗಣಿತದಲ್ಲಿ ಡುಮ್ಕಿ ಹೊಡೆದ ವರ್ಷ. ತಪ್ಪೆಲ್ಲ ಪೇಪರ್ ತಿದ್ದಿದವರದ್ದೇ ಎಂದು ಅತ್ತು ಮನೆಯವರನ್ನು ನಂಬಿಸಿದ್ದೆ. ಮಾವ ಮಾಹಿತಿ ಹಕ್ಕಿನ ಅರ್ಜಿಗೆ ನನ್ನಿಂದ ಸಹಿ ಹಾಕಿಸಿ ಪ್ರತಿ ತರಿಸಿಯೇಬಿಟ್ಟರು. ಪುಟ ಪುಟ ತಿರುವಿ, ಕನ್ನಡಕ ತೆಗೆದು, "ಅನ್ಯಾಯ ಆಗಿರುದು ಹೌದು ಮಾರಾಯ. ಆದರೆ ಪಾಪ, ತಿದ್ದಿದವರಿಗೆ" ಎಂದರು.

ಇಂಥವರಿಗೂ ಸಿಗದ ಮಾಹಿತಿ ಒಂದಿತ್ತು. ಅವರ ಹೆಂಡತಿ, ನಮ್ಮತ್ತೆ, ಹಾಕುವ ಕಣಿಲೆ ಉಪ್ಪಿನಕಾಯಿಯ ಗುಟ್ಟು. ಎಳೆ ಬಿದಿರನ್ನು ಹೆಚ್ಚಿ, ನೀರು ಬದಲಿಸುತ್ತ ಮೂರು ದಿನ ನೆನೆಹಾಕುವುದು ಊರಿಗೆಲ್ಲ ಗೊತ್ತು. ಆಮೇಲಿನದು ಅತ್ತೆಗೆ ಮಾತ್ರ. ಮಾವ ಬಿಡುವವರೇ? ಮಾಹಿತಿ ಹಕ್ಕಿನ ಅರ್ಜಿ ಬರೆದು, ಪೋಸ್ಟಲ್ ಆರ್ಡರ್ ಸಮೇತ ಒಲೆಯ ಪಕ್ಕ ಇಟ್ಟರು. ಅತ್ತೆ ಅದರ ಬೆನ್ನಿಗೇ ಬರೆದರು: "ಇದು ಸರ್ಕಾರಿ ಕಚೇರಿಯಲ್ಲ, ಅಡುಗೆಮನೆ. ಅರ್ಜಿ ತಿರಸ್ಕರಿಸಲಾಗಿದೆ." ಬರೆದು, ಸೆರಗು ಬಾಯಿಗಿಟ್ಟು ನಕ್ಕರು. ಅಲ್ಲಿಂದ ಪ್ರತಿವರ್ಷ ಕಣಿಲೆ ಬರುವ ಕಾಲಕ್ಕೆ ಅರ್ಜಿ, ಪ್ರತಿವರ್ಷ ತಿರಸ್ಕಾರ. ಆ ನಗು ನೆನಪಾದರೆ ನನಗೆ ಈಗಲೂ ಬಾಯಲ್ಲಿ ನೀರೂರುತ್ತದೆ.

ಒಮ್ಮೆ ಮಾವ ಪೇಟೆಂಟಿನ ತೀರ್ಪು ಹಿಡಿದು ಬಂದರು.

"ಅಜ್ಜಿಯರ ಕಾಲದಿಂದ ಗೊತ್ತಿರುದಕ್ಕೆ ಯಾರಿಗೂ ಪೇಟೆಂಟ್ ಇಲ್ಲವಂತೆ. ನಿನ್ನ ಉಪ್ಪಿನಕಾಯಿಗೂ ಸಿಗುದಿಲ್ಲ. ಮತ್ತೆ ಎಂತಕೆ ಮುಚ್ಚಿಡುದು?"

"ಪೇಟೆಂಟ್ ಯಾರಿಗೆ ಬೇಕು? ಬಾಯಿ ಮುಚ್ಚಿಕೊಂಡಿದ್ರೆ ಸಾಕಲ್ಲ" ಎಂದರು ಅತ್ತೆ.

ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪನ್ನಂತೂ ಮಾವ ಬಂದವರಿಗೆಲ್ಲ ಓದಿ ಹೇಳಿದರು.

"ಹೆಂಗಸರಿಗೂ ಉಂಟಾ?" ಅತ್ತೆ ಗಂಭೀರವಾಗಿ ಕೇಳಿದರು.

"ಉಂಟು, ಎಲ್ಲರಿಗೂ."

ಮರುದಿನವೇ ಬಡಗಿ ಬಂದ. ಅಡುಗೆಮನೆಗೆ ಒಳಗಿನಿಂದ ಚಿಲಕ ಬಿತ್ತು! ಅಂದಿನಿಂದ ಕಣಿಲೆ ಹಾಕುವ ದಿನ ಮಾವ ಮೋರೆ ಊದಿಸಿಕೊಂಡು ಬಾಗಿಲ ಹೊರಗೆ ಕುರ್ಚಿಯಲ್ಲಿ. ತಾನೇ ಮನೆಗೆ ತಂದ ಹಕ್ಕಿಗೆ ತಾನೇ ಕಾವಲು.

ಈಗ ಎರಡು ವರ್ಷದಿಂದ ಅತ್ತೆಗೆ ಮರೆವಿನ ಕಾಯಿಲೆ. ಕಳೆದ ವರ್ಷ ಕಣಿಲೆ ಹಾಕುವ ದಿನ ನಾನೂ ಅಲ್ಲಿದ್ದೆ. ಒಳಗೆ ಸೌಟಿನ ಸದ್ದು ನಿಂತಿತು. ಚಿಲಕ ತೆಗೆದು ಅತ್ತೆ ಹೊರಗೆ ಬಂದರು.

"ಇದಕ್ಕೆ ಇನ್ನು ಎಂತ ಹಾಕುದು?"

ಮಾವ ತಡವರಿಸಲಿಲ್ಲ. "ಮೆಂತ್ಯ ಹುರಿದಾಯ್ತಲ್ಲ. ಇನ್ನು ಸಾಸಿವೆ ಅರೆದು ಹಾಕು. ಆಮೇಲೆ ಗಾಂಧಾರಿ ಮೆಣಸು. ಕೊನೆಗೆ ಎರಡು ಚಮಚ ಕಾಚಂಪುಳಿ, ಆ ಕಪ್ಪು ಹುಳಿ."

ಅತ್ತೆ ತಲೆಯಾಡಿಸಿ ಒಳಗೆ ಹೋದರು. ಚಿಲಕ ಹಾಕಲು ಮರೆತರು.

"ನಿಮಗೆ ಗೊತ್ತಿತ್ತಾ ಮಾವ?"

"ವಾಸನೆ ಬರ್ತದಲ್ಲ. ಯಾವತ್ತೋ ಗೊತ್ತಾಗಿತ್ತು."

"ಮತ್ತೆ ಅರ್ಜಿ ಎಂತಕೆ?"

"ತಿರಸ್ಕಾರ ಬರೆವಾಗ ಅವಳು ನಗ್ತಿದ್ದಳಲ್ಲ."

ಈ ವರ್ಷವೂ ಮಾವ ಅರ್ಜಿ ಬರೆದು ಒಲೆಯ ಪಕ್ಕ ಇಟ್ಟಿದ್ದಾರೆ. ಪೆನ್ನನ್ನು ಮುಚ್ಚಳ ತೆಗೆದು ಅರ್ಜಿಯ ಮೇಲಿಟ್ಟು, ಕಾಯುತ್ತಿದ್ದಾರೆ.