ಬಾಸ್ ಸಾಯ್ತಾನೇ ಇಲ್ಲ

ಹೊಡೆದಾಟ ಕಟ್ಟಿಕೊಡುವುದನ್ನೇ ಉದ್ಯೋಗ ಮಾಡಿಕೊಂಡವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಮೆಟ್ಟಿಲು ಹತ್ತಿಕೊಂಡು ಬರುತ್ತವೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿತ್ತು. ಜಯಲಕ್ಷ್ಮಿಪುರಂನ ಒಂದು ಮನೆಯ ಮಹಡಿಯಲ್ಲಿ ನಮ್ಮ ಆಫೀಸು. ಒಟ್ಟು ಏಳು ಜನ. ಕೈಯಲ್ಲಿ ಹಿಡಿದುಕೊಂಡು ಆಡುವ ಪುಟ್ಟ ಗೇಮ್ ಸೆಟ್ಟು ಬರುತ್ತದಲ್ಲ, ಅದಕ್ಕೆ ಒಂದು ಹೊಡೆದಾಟದ ಗೇಮ್ ಮಾಡುತ್ತಿದ್ದೆವು. ಹೊರದೇಶದ ಒಂದು ಕಂಪನಿ ಅದನ್ನು ಮಾರಲು ಒಪ್ಪಿಕೊಂಡಿತ್ತು. ಕಥೆ ಇಷ್ಟೇ. ಕಳೆದುಹೋದ ತಂಗಿಯನ್ನು ಹುಡುಕಿಕೊಂಡು ನಾಯಕ ಬೀದಿಯುದ್ದಕ್ಕೂ ನಡೆಯುತ್ತಾನೆ, ಎದುರು ಬಂದ ರೌಡಿಗಳನ್ನು ಬಡಿಯುತ್ತಾನೆ. ಬೀದಿಯ ಕೊನೆಯಲ್ಲಿ ಆ ರೌಡಿಗಳ ಮುಖಂಡ ಕಾದಿರುತ್ತಾನೆ. ಅವನಿಗೆ ನಮ್ಮ ಕಸುಬಿನಲ್ಲಿ ಬಾಸ್ ಅನ್ನುತ್ತಾರೆ. ಅವನನ್ನು ಕೆಡವಿದರೆ ಮುಂದಿನ ಬೀದಿ. ಒಂದೊಂದು ಬೀದಿಗೂ ಲೆವೆಲ್ ಅಂತ ಹೆಸರು.

ಆ ಲೆವೆಲ್‌ಗಳನ್ನು ಕಟ್ಟುವವಳು ನಾನು. ಬಿ.ಎಸ್ಸಿ. ಗಣಿತ ಓದಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವಳು, ಗ್ರಾಫ್ ಹಾಳೆಯ ಚೌಕಗಳಲ್ಲಿ ಬೀದಿ ಬರೆಯುವ ಕೆಲಸಕ್ಕೆ ಬಂದುಬಿಟ್ಟಿದ್ದೆ. ಆಗ ಮೈಸೂರಿನಲ್ಲಿ ಈ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಹೆಂಗಸು ಇದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲೂ ಹೋಗಲಿಲ್ಲ. ಹಾಗಾಗಿ ನನ್ನ ಜಂಬ ಇವತ್ತಿಗೂ ಮುಕ್ಕಾಗದೆ ಉಳಿದಿದೆ.

ಶುಕ್ರವಾರದೊಳಗೆ

ಕೆಳಗಡೆ ಮನೆಯ ಓನರ್ ಇದ್ದರು, ರಿಟೈರಾದ ಹೈಸ್ಕೂಲ್ ಟೀಚರ್. ನಾವೆಲ್ಲ ಆಂಟಿ ಅನ್ನುತ್ತಿದ್ದೆವು. ಅವರ ಅಡುಗೆಮನೆಯ ಕಿಟಕಿಯ ನೆತ್ತಿಯ ಮೇಲೇ ನಮ್ಮ ಕಿಟಕಿ. ಆಂಟಿಯ ಲೆಕ್ಕದಲ್ಲಿ ಬಾಸ್ ಅಂದರೆ ಪ್ರಪಂಚದಲ್ಲಿ ಒಬ್ಬರೇ, ನಮ್ಮ ಕಂಪನಿಯ ಯಜಮಾನರು. ನಾವು ಅವರನ್ನು ಸರ್ ಅನ್ನುತ್ತಿದ್ದೆವು, ಅದು ಆಂಟಿಯ ಗಮನಕ್ಕೆ ಬಂದಿರಲಿಲ್ಲ.

ಮೊದಲನೇ ಲೆವೆಲ್‌ನ ಬಾಸ್ ಎಷ್ಟು ಹೊಡೆದರೂ ಬೀಳುತ್ತಿರಲಿಲ್ಲ. ನಾನು ಕಿಟಕಿಯ ಪಕ್ಕ ಕೂತು ಆಡಿ ನೋಡುತ್ತಿದ್ದೆ. ಪ್ರೋಗ್ರಾಂ ಬರೆಯುವ ಗೆಳೆಯ ಆ ಕಡೆ ಗೋಡೆಯ ಹತ್ತಿರ ಕೂತಿದ್ದ. ಮಾತು ಜೋರಾಗಿಯೇ ನಡೆಯುತ್ತಿತ್ತು.

"ಬಾಸ್ ಸಾಯ್ತಾನೇ ಇಲ್ಲ ಕಣ್ರೀ," ಅಂದೆ ನಾನು.

"ಎಷ್ಟು ಏಟು ಹಾಕಿದ್ರಿ?"

"ನಲವತ್ತಾಯ್ತು. ತಲೆ ಮೇಲೆ ಪೀಪಾಯಿ ಕೂಡ ಎತ್ತಿ ಹಾಕಿದೆ. ಎದ್ದು ಬಂದ್ಬುಟ್ಟ."

"ಹಿಂದಿನಿಂದ ಹೋಗಿ ಒದೀರಿ ಮೇಡಂ. ಬೆನ್ನಿಗೆ ಬಿದ್ರೆ ಬೇಗ ಹೋಗ್ಬುಡ್ತಾನೆ."

ಮಾರನೇ ಬೆಳಿಗ್ಗೆ ಆಂಟಿ ಮೇಲೆ ಬಂದು ಸರ್‌ನ ಮೆಟ್ಟಿಲ ಹತ್ತಿರ ಕರೆದರು. ಬಾಗಿಲು ತೆರೆದೇ ಇದ್ದದ್ದರಿಂದ ನಮಗೆಲ್ಲ ಕೇಳುತ್ತಿತ್ತು.

"ಹೇಳಬೇಕೋ ಬೇಡವೋ ಅಂತ ರಾತ್ರಿಯೆಲ್ಲ ಯೋಚನೆ ಮಾಡಿದೆ ಕಣಪ್ಪ. ನಿಮ್ಮ ಜೊತೆ ಕೆಲಸ ಮಾಡೋರು ಬಾಸ್‌ನ ಮುಗಿಸೋ ಮಾತಾಡ್ತಿದಾರೆ. ನಾನೇ ಕಿವಿಯಾರೆ ಕೇಳಿದೆ."

ಸರ್ ನಿಟ್ಟುಸಿರು ಬಿಟ್ಟರು. "ನನಗೆ ಗೊತ್ತು ಆಂಟಿ. ಶುಕ್ರವಾರದೊಳಗೆ ಮುಗಿಸಿ ಅಂತ ನಾನೇ ಹೇಳಿರೋದು. ಇವರ ಕೈಲಿ ಆಗ್ತಾ ಇಲ್ಲ, ಅದೇ ಬೇಜಾರು."

ಆ ಶುಕ್ರವಾರ ಬೆಳಿಗ್ಗೆಯಿಂದ ಸಂಜೆಯವರೆಗೂ ಆಂಟಿ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು.

ರಂಗೋಲಿ

ಎರಡನೇ ಲೆವೆಲ್ ಅನ್ನು ನಾನು ಬನ್ನಿಮಂಟಪದ ನಮ್ಮ ಬೀದಿಯ ಅಳತೆಯಲ್ಲೇ ಬರೆದೆ. ಸಾಲು ಮನೆ, ಜಗಲಿ, ಅಡ್ಡ ನಿಲ್ಲಿಸಿದ ಸ್ಕೂಟರ್, ಬಾಗಿಲ ಮುಂದೆ ರಂಗೋಲಿ. ಬೀದಿ ಕಟ್ಟುವುದರಲ್ಲೂ ಒಂದು ಹದ ಇದೆ. ಅಗಲವಾದ ಕಡೆ ಜಗಳ ಇಡಬೇಕು, ಇಕ್ಕಟ್ಟಾದ ಕಡೆ ಭಯ ಇಡಬೇಕು, ಆಮೇಲೆ ಉಸಿರಾಡಿಕೊಳ್ಳಲು ನಾಲ್ಕು ಹೆಜ್ಜೆ ಖಾಲಿ ಜಾಗ ಬಿಡಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಕಂಡುಕೊಂಡದ್ದು.

ಆಡಿ ನೋಡಲು ಕಳಿಸಿದ ಮೇಲೆ ಹೊರದೇಶದ ಕಂಪನಿಯಿಂದ ಉತ್ತರ ಬಂತು. ಮೂರನೇ ಮನೆಯ ಮುಂದೆ ನೆಲದ ಮೇಲೆ ಒಂದು ಹೂವಿನ ಚಿತ್ರವಿದೆ, ನಾಯಕ ಅದರ ಮೇಲೆ ನಿಂತರೆ ಯಾರೂ ಅವನ ಹತ್ತಿರ ಬರುವುದಿಲ್ಲ, ಅವರ ಆಫೀಸಿನವನೊಬ್ಬ ನಾಯಕನನ್ನು ಅಲ್ಲೇ ನಿಲ್ಲಿಸಿ ಊಟಕ್ಕೆ ಹೋಗಿಬಂದ, ನಾಯಕನಿಗೆ ಒಂದು ಗೀರೂ ಆಗಿರಲಿಲ್ಲ, ಅಂತ ಬರೆದಿದ್ದರು.

ನಾನೂ ಆಡಿ ನೋಡಿದೆ. ನಿಜ. ನಾಯಕ ರಂಗೋಲಿಯ ಮಧ್ಯೆ ನಿಂತಿದ್ದಾನೆ, ಸುತ್ತ ಆರು ರೌಡಿಗಳು ಪ್ರಸಾದಕ್ಕೆ ಕಾದವರ ಹಾಗೆ ನಿಂತಿದ್ದಾರೆ. ಪ್ರೋಗ್ರಾಂ ಗೆಳೆಯನನ್ನು ಕೇಳಿದೆ.

"ರಂಗೋಲಿ ತುಳಿಯೋ ಹಾಗೆ ಬರೆಯೋಕೆ ಮನಸ್ಸು ಬರಲಿಲ್ಲ ಮೇಡಂ," ಅಂದ. "ರೌಡಿಗಳಾದ್ರೇನು, ಅವರ ಮನೇಲೂ ಹೇಳಿಕೊಟ್ಟಿರಲ್ವಾ?"

"ಮತ್ತೆ ನಮ್ಮ ನಾಯಕ ಯಾಕೆ ತುಳೀತಾನೆ?"

"ಅವನನ್ನ ಆಡಿಸೋರು ಬೇರೆ ದೇಶದವರಲ್ವಾ."

ಅವನ ಮನಸ್ಸು ನೋಯಿಸದೆ ನಾನೊಂದು ಉಪಾಯ ಮಾಡಿದೆ. ರಂಗೋಲಿಯ ಮೇಲೆ ಯಾರಾದರೂ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ಆ ಮನೆಯ ಬಾಗಿಲು ತೆರೆಯುತ್ತದೆ. ಒಬ್ಬ ಹೆಂಗಸು ಬಕೆಟ್ ಹಿಡಿದು ಬಂದು ಮೈಮೇಲೆ ನೀರು ಎರಚುತ್ತಾಳೆ. ನಾಯಕ ಎರಡು ಮನೆ ಆಚೆಗೆ ಜಾರಿ ರೌಡಿಗಳ ಮಧ್ಯೆ ಬೀಳುತ್ತಾನೆ. ಚಿತ್ರ ಬರೆಯುವವರು ಕಿಟಕಿಯಿಂದ ಕೆಳಗೆ ನೋಡಿಕೊಂಡು ನಮ್ಮ ಆಂಟಿಯನ್ನೇ ಬರೆದುಬಿಟ್ಟರು, ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಎಲ್ಲ.

ಆ ಕಂಪನಿಯವರಿಗೆ ಅದು ಎಷ್ಟು ಹಿಡಿಸಿತೆಂದರೆ, ಈಕೆಯನ್ನೇ ಗೇಮ್‌ನ ಕೊನೆಯ ಬಾಸ್ ಮಾಡಬಹುದೇ ಅಂತ ಕೇಳಿ ಬರೆದರು. ಸರ್ ಅದನ್ನು ಎರಡು ಸಲ ಓದಿದರು.

"ಬೇಡ ಅಂತ ಬರೆಯಿರಿ," ಅಂದರು. "ಆಕೇನ ಸೋಲಿಸೋದು ಹೇಗೆ ಅಂತ ನಮಗೇ ಗೊತ್ತಿಲ್ಲ."

ಸುಳಿವು

ಬಾಸ್‌ನ ಹೊಡೆದಾಟಕ್ಕೆ ಒಂದು ಧರ್ಮ ಇದೆ. ಅವನು ಎಷ್ಟು ಜೋರಾಗಿ ಬೇಕಾದರೂ ಹೊಡೆಯಲಿ, ಆದರೆ ಹೊಡೆಯುವ ಮುಂಚೆ ಏನಾದರೂ ಸುಳಿವು ಕೊಡಬೇಕು. ಕಾಲು ಕೆರೆಯುವುದೋ, ಭುಜ ಕುಣಿಸುವುದೋ. ಆಡುವವರು ಅದನ್ನು ಗುರುತಿಸಿ ಪಕ್ಕಕ್ಕೆ ಸರಿಯಬೇಕು. ಸುಳಿವು ಕೊಡದೆ ಹೊಡೆದರೆ ಅದು ಆಟ ಅಲ್ಲ, ಅನ್ಯಾಯ.

ನಮ್ಮ ಸರ್ ಮೆತ್ತಗಿನ ಮನುಷ್ಯ. ಬೈಯುವುದು ತಿಂಗಳಿಗೊಮ್ಮೆ. ಆದರೆ ಬೈಯುವ ಮುಂಚೆ ತಪ್ಪದೆ ಒಂದು ಕೆಲಸ ಮಾಡುತ್ತಿದ್ದರು. ಕನ್ನಡಕ ತೆಗೆದು, ಬಾಯಿಂದ ಆವಿ ಊದಿ, ಅಂಗಿಯ ಅಂಚಿನಲ್ಲಿ ನಿಧಾನವಾಗಿ ಒರೆಸಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಸಿಕ್ಕರೆ ಸಾಕಾಗಿತ್ತು, ನಮ್ಮಲ್ಲಿ ಅರ್ಧ ಜನಕ್ಕೆ ಟೆರೇಸಿನ ಮೇಲೆ ಏನೋ ಕೆಲಸ ನೆನಪಾಗುತ್ತಿತ್ತು.

ಮೂರನೇ ಲೆವೆಲ್‌ನ ಬಾಸ್ ಒಬ್ಬ ಗೋಡೌನ್ ಮಾಲೀಕ. ಅವನಿಗೆ ನಾನು ಅದೇ ಸುಳಿವು ಬರೆದೆ. ಗೊತ್ತಿದ್ದೇ ಬರೆದೆ, ಒಪ್ಪಿಕೊಳ್ಳುತ್ತೇನೆ.

ಸರ್ ಅದನ್ನು ಆಡಲು ಕೂತರು, ಹಿಂದೆ ನಾವೆಲ್ಲ ನಿಂತೆವು. ಮಾಲೀಕ ಕನ್ನಡಕ ತೆಗೆದಾಗಲೆಲ್ಲ ಸರ್ ಪಕ್ಕಕ್ಕೆ ಸರಿದು, ಅವನು ಒರೆಸಿಕೊಳ್ಳುವಷ್ಟರಲ್ಲಿ ನಾಲ್ಕು ಬಾರಿಸಿದರು. ಮೊದಲನೇ ಸಲಕ್ಕೇ ಗೆದ್ದರು. ನಾನು ಹೆಮ್ಮೆಯಿಂದ ಅವರ ಮುಖ ನೋಡಿದೆ.

"ತೀರಾ ಸುಲಭ ಆಯ್ತು ಕಣಮ್ಮ," ಅಂದರು. "ಹೀಗೆ ನಿಂತುಕೊಂಡು ಕನ್ನಡಕ ಒರೆಸ್ತಾ ಇದ್ರೆ ಎದುರಿಗಿರೋನು ತಪ್ಪಿಸಿಕೊಳ್ಳಲ್ವಾ? ಯಾವ ಮನುಷ್ಯ ಹೀಗೆ ಮಾಡ್ತಾನೆ? ಸ್ವಲ್ಪನಾದ್ರೂ ನೈಜವಾಗಿರಬೇಡ್ವಾ?"

ಅಂದವರು ಕನ್ನಡಕ ತೆಗೆದು ಆವಿ ಊದಿದರು. ಒರೆಸಿ ಮತ್ತೆ ಹಾಕಿಕೊಂಡು ನೋಡುವಷ್ಟರಲ್ಲಿ ರೂಮಿನಲ್ಲಿ ಒಬ್ಬರೂ ಇರಲಿಲ್ಲ.

ಗರಡಿ

ಕೊನೆಯ ಲೆವೆಲ್ ನನ್ನ ಹೆಮ್ಮೆಯ ಕೆಲಸ. ಒಂದು ಹಳೇ ಗರಡಿಮನೆ, ಆರು ಕಲ್ಲಿನ ಕಂಬ, ನಡುವೆ ಕೆಮ್ಮಣ್ಣಿನ ಅಖಾಡ. ಬಾಸ್ ಒಬ್ಬ ಪೈಲ್ವಾನ್. ತಲೆ ತಗ್ಗಿಸಿಕೊಂಡು ಹೋರಿಯ ಹಾಗೆ ನುಗ್ಗುತ್ತಾನೆ. ಆ ಹೊತ್ತಿಗೆ ಸರಿಯಾಗಿ ಪಕ್ಕಕ್ಕೆ ಸರಿದರೆ ಕಂಬಕ್ಕೆ ಗುದ್ದಿಕೊಂಡು ಅವನ ಶಕ್ತಿ ಚೂರು ಇಳಿಯುತ್ತದೆ, ಒಂದು ಗಳಿಗೆ ತಲೆ ತಿರುಗುತ್ತದೆ. ಆ ಗಳಿಗೆಯಲ್ಲಿ ಅವನನ್ನು ಬಡಿಯಬೇಕು. ಎರಡು ತಿಂಗಳು ಕೂತು ಇದನ್ನು ತೂಗಿ ಅಳೆದು ಮಾಡಿದ್ದೆ.

ಮನೆಯಲ್ಲಿ ನಾನೂ ಅಮ್ಮನೂ ಇಬ್ಬರೇ. ಒಂದು ಭಾನುವಾರ ಪರೀಕ್ಷೆ ಮಾಡಲು ತಂದ ಸೆಟ್ಟನ್ನು ಮಾರನೇ ದಿನ ಮನೆಯಲ್ಲೇ ಮರೆತು ಹೋದೆ. ಸಂಜೆ ಬಂದರೆ ಅಮ್ಮ ಜಗಲಿಯ ಮೇಲೆ ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕೂತಿದ್ದಳು.

"ಇವನು ಎಲ್ಲಿಗೆ ಹೋಗ್ತಿದಾನೆ?" ಅಂತ ಕೇಳಿದಳು.

"ತಂಗಿ ಕಳೆದುಹೋಗಿದಾಳೆ. ಹುಡುಕ್ತಿದಾನೆ."

"ಅಯ್ಯೋ ಪಾಪ. ಹಂಗಾದ್ರೆ ಸಿಗೋವರೆಗೂ ನಾನು ನಡೆಸ್ತೀನಿ ಬುಡು."

ಅವತ್ತಿನಿಂದ ದಿನಾ ಮಧ್ಯಾಹ್ನ ಊಟ ಆದ ಮೇಲೆ ಅಮ್ಮ ಅದನ್ನು ಹಿಡಿದು ಕೂರುತ್ತಿದ್ದಳು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮೂರು ವಾರ ಆದ ಮೇಲೆ ಒಂದು ಸಂಜೆ ಬಾಗಿಲಲ್ಲೇ ನಿಂತು ಹೇಳಿದಳು, "ತಂಗಿ ಸಿಕ್ಕಿದಳು ಕಣೇ."

ನಾನು ನಂಬಲಿಲ್ಲ. ಕಸಿದುಕೊಂಡು ನೋಡಿದೆ. ಗೆದ್ದ ಮೇಲೆ ಎಷ್ಟು ಹೊಡೆದೆವು, ಎಷ್ಟು ಹೊಡೆಸಿಕೊಂಡೆವು ಅಂತ ಕೊನೆಗೆ ತೋರಿಸುತ್ತದೆ. ಅಮ್ಮ ಹೊಡೆದ ಏಟು ಸೊನ್ನೆ.

ಆಫೀಸಿನಲ್ಲಿ ಹೇಳಿದಾಗ ಪ್ರೋಗ್ರಾಂ ಗೆಳೆಯ ಎಣಿಕೆಯಲ್ಲಿ ತಪ್ಪಿದೆ ಅಂದ. ದಿನವಿಡೀ ಹುಡುಕಿದ, ತಪ್ಪು ಸಿಗಲಿಲ್ಲ. ಸರ್ ಗಾಬರಿಯಾದರು. "ಹೊಡೆದಾಟದ ಗೇಮ್‌ನಲ್ಲಿ ಹೊಡೀದೇ ಗೆಲ್ಲಬಹುದು ಅಂತ ಗೊತ್ತಾದ್ರೆ ಹೊರದೇಶದ ಕಂಪನಿಯವರು ಇದನ್ನ ಬೇಡ ಅಂದ್ಬುಡ್ತಾರೆ. ಗುರುವಾರ ಅವರ ಕಡೆಯವರು ಬರ್ತಿದಾರೆ. ಯಾರೂ ಬಾಯಿ ಬಿಡಬೇಡಿ."

ಗುರುವಾರ ಬಂದವರು ಎತ್ತರದ, ಮಿತಭಾಷಿ ಮನುಷ್ಯ. ಇಂಥ ಗೇಮ್‌ಗಳನ್ನು ಆಡಿ ಆಡಿ ಕೂದಲು ನರೆತವರು. ಅವರು ಹೂಂ ಅಂದರೆ ನಮ್ಮ ಒಂದೂವರೆ ವರ್ಷದ ಕೆಲಸ ಅಂಗಡಿಗೆ, ಉಹೂಂ ಅಂದರೆ ಕಸದ ಬುಟ್ಟಿಗೆ. ಸಲೀಸಾಗಿ ಗರಡಿಯವರೆಗೂ ಬಂದರು. ಅಲ್ಲಿ ಪೈಲ್ವಾನನ ಕೈಲಿ ಐದು ಸಲ ಸೋತು ಸೆಟ್ಟನ್ನು ಮೇಜಿನ ಮೇಲೆ ಇಟ್ಟರು.

"ಇದನ್ನ ಯಾರೂ ಗೆಲ್ಲಲಾರರು. ಈ ಹೊಡೆದಾಟ ತೆಗೆದು ಬೇರೆ ಮಾಡಿ," ಅಂದರು ಇಂಗ್ಲಿಷಿನಲ್ಲಿ.

ಎರಡು ತಿಂಗಳು ತೂಗಿ ಅಳೆದದ್ದು. ಸರ್ ಹೇಳಿದ ಮಾತು ನೆನಪಾಗುವ ಮುಂಚೆಯೇ ಬಾಯಿಂದ ಇಂಗ್ಲಿಷಿನಲ್ಲೇ ಬಂದುಬಿಟ್ಟಿತು. "ನಮ್ಮಮ್ಮ ಗೆಲ್ತಾರೆ."

ಸರ್ ಕಣ್ಣು ಮುಚ್ಚಿಕೊಂಡರು. ಬಂದವರು ಹುಬ್ಬೇರಿಸಿ, ಕರೆಸಿ ಅಂದರು.

ಅಮ್ಮ ಜರಿಯಂಚಿನ ಸೀರೆ ಉಟ್ಟುಕೊಂಡು ಆಟೋದಲ್ಲಿ ಬಂದಳು. ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಸೆಟ್ಟು ತೆಗೆದುಕೊಂಡಳು. ಆಗ ನಮಗೆ ಗುಟ್ಟು ಕಣ್ಣಿಗೆ ಬಿತ್ತು. ರೌಡಿಗಳು ಬೀಸಿದ ಏಟು ಅವರ ಜೊತೆಯವರಿಗೇ ಬಿದ್ದರೂ ನೋವಾಗುವ ಹಾಗೆ ನಾವು ತಮಾಷೆಗೆ ಬರೆದಿದ್ದೆವು. ಎರಡೂ ಕಡೆಯಿಂದ ಇಬ್ಬರು ಬಂದರೆ ಅಮ್ಮ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿದ್ದಳು. ಅವರು ಒಬ್ಬರನ್ನೊಬ್ಬರು ಬಡಿದುಕೊಂಡು ಮಲಗುತ್ತಿದ್ದರು. ಬೀದಿ ಕೊನೆಯ ಬಾಸ್‌ಗಳೂ ತಮ್ಮ ರೌಡಿಗಳ ಏಟಿಗೇ ಬಿದ್ದರು. ಗರಡಿಯಲ್ಲೂ ಅಷ್ಟೇ. ಪೈಲ್ವಾನ್ ನುಗ್ಗಿದ, ಅಮ್ಮ ಸರಿದಳು, ಅವನು ಕಂಬಕ್ಕೆ ಗುದ್ದಿಕೊಂಡ. ಗುದ್ದಿಕೊಂಡಾಗಲೆಲ್ಲ ಅಮ್ಮ "ಪಾಪ" ಅಂದಳು. ಮೂವತ್ತೋ ನಲವತ್ತೋ ಪಾಪ ಆದ ಮೇಲೆ ಅವನು ಅಖಾಡದಲ್ಲಿ ಅಂಗಾತ ಬಿದ್ದ.

ಬಂದವರು ಎದ್ದು ನಿಂತರು. ಇಷ್ಟು ವರ್ಷದಲ್ಲಿ ಇಂಥದ್ದನ್ನು ನಾನು ನೋಡಿಲ್ಲ, ಹೊಡೆದಾಟದ ಒಳಗೇ ಹೊಡೆಯದಿರುವ ದಾರಿಯೊಂದನ್ನು ಬಚ್ಚಿಟ್ಟಿದ್ದೀರಿ, ಇದು ನಿಮ್ಮ ದೇಶದ ಪುರಾತನ ತತ್ವವೇ, ಅಂತ ಕೇಳಿದರು.

ಸರ್ ಅರೆಗಳಿಗೆ ಯೋಚಿಸಿ, "ಹೌದು," ಅಂದರು.

ಗರಡಿ ಒಂದು ಚೌಕವೂ ಬದಲಾಗದೆ ಹಾಗೇ ಉಳಿಯಿತು. ಗೇಮ್‌ನ ಕೊನೆಯಲ್ಲಿ ಅದನ್ನು ಮಾಡಿದವರ ಹೆಸರುಗಳು ಬರುತ್ತವೆ. ಅದರಲ್ಲಿ ನನ್ನ ಹೆಸರಿನ ಕೆಳಗೆ ಅಮ್ಮನ ಹೆಸರೂ ಇದೆ. ಎಷ್ಟೋ ದೇಶಗಳ ಜನ ಅದನ್ನು ತಪ್ಪು ತಪ್ಪಾಗಿ ಓದಿರಬಹುದು, ಆದರೂ ಓದಿದ್ದಾರೆ.

ಅವತ್ತು ಆಟೋದಲ್ಲಿ ಮನೆಗೆ ಹೋಗುವಾಗ ಅಮ್ಮನ ಕೈ ಹಿಡಿದುಕೊಂಡೆ. "ಅಮ್ಮ, ಅಷ್ಟು ಜನ ಮೈಮೇಲೆ ಬಿದ್ರೂ ಒಬ್ಬರಿಗೂ ಒಂದೇಟು ಹಾಕಲಿಲ್ವಲ್ಲ ನೀನು. ಅಷ್ಟು ತಾಳ್ಮೆ ಎಲ್ಲಿಂದ ಬಂತು?" ಅಂತ ಕೇಳಿದೆ.

ಅಮ್ಮ ನನ್ನ ಕಡೆ ತಿರುಗಿದಳು. "ಹೊಡೆಯೋಕೂ ಬಟನ್ ಇದ್ಯಾ?"

"ಇದೆ. ಬಲಗಡೆ, ದುಂಡಗಿರೋದು."

ಬನ್ನಿಮಂಟಪ ಬರುವವರೆಗೂ ಅಮ್ಮ ಬಲಗೈ ಹೆಬ್ಬೆರಳನ್ನು ಗಾಳಿಯಲ್ಲಿ ಒತ್ತಿ ಒತ್ತಿ ನೋಡಿಕೊಂಡಳು. ಆಟೋ ಇಳಿದು ಸೆರಗು ಸರಿಮಾಡಿಕೊಂಡು ಹೇಳಿದಳು, "ಮೊದಲೇ ಹೇಳಬಾರದೇನೇ? ಮೂರು ವಾರದಿಂದ ತಪ್ಪಿಸಿಕೊಂಡು ಓಡಾಡಿ ಸಾಕಾಗಿತ್ತು. ಆ ಪೈಲ್ವಾನನ ಮೂಳೆ ಮುರೀದೆ ಬಿಡ್ತಿರಲಿಲ್ಲ ನಾನು."