ಮುನ್ಸು ಮೇಷ್ಟ್ರ ಬಾಯ್ಲರ್ ಸನ್ಯಾಸ

"ಇವತ್ತಿಂದ ವಸಂತ ಬರೋವರೆಗೂ ಈ ಮನೇಲಿ ಬಾಯ್ಲರ್ ಉರಿಯೋ ಹಾಗಿಲ್ಲ!"

ಜೆಚನ್ ಪಟ್ಟಣದಲ್ಲಿ ಆ ವರ್ಷ ಮೊದಲ ಸಲ ನಲ್ಲಿಯ ತುದಿಯಲ್ಲಿ ಹನಿ ಹೆಪ್ಪುಗಟ್ಟಿದ ಬೆಳಿಗ್ಗೆ, ಸೋಯಾ ಸಾರಿನ ಬಟ್ಟಲನ್ನು ಠಣ್ಣನೆ ಕೆಳಗಿಟ್ಟು ತಾಕ್ ಮುನ್ಸು ಮೇಷ್ಟ್ರು ಈ ಘೋಷಣೆ ಹೊರಡಿಸಿದರು. ಪ್ರಾಥಮಿಕ ಶಾಲೆಯ ಉಪಮುಖ್ಯೋಪಾಧ್ಯಾಯರಾಗಿ ಎಂಟುನೂರು ಮಕ್ಕಳನ್ನು ಒಟ್ಟಿಗೆ ನಡುಗಿಸಿದ ಗಂಟಲು ಅದು. ನಿವೃತ್ತಿಯ ನಂತರ ನಡುಗಿಸಲು ಉಳಿದವಳು ಹೆಂಡತಿ ಒಕ್‌ಬುನ್ ಒಬ್ಬಳೇ. ಅವಳೋ ನಡುಗುವ ಪೈಕಿ ಅಲ್ಲ.

"ಸ್ನಾನಕ್ಕೆ?" ಎಂದಳು, ಗಂಡನ ಕೈಯಲ್ಲಿದ್ದ ಗ್ಯಾಸ್ ಬಿಲ್ಲನ್ನು ಕಿತ್ತುಕೊಳ್ಳುತ್ತಾ.

"ಸ್ನಾನಕ್ಕೆ ರಿಯಾಯಿತಿ ಇದೆ. ನೆಲದಡಿ ಕೊಳವೆಗೆ ಬಿಸಿನೀರು ಹರಿಸಿ ನೆಲ ಕಾಯಿಸೋದು ಮಾತ್ರ ಬಂದ್!"

"ನನ್ನ ಮೊಣಕಾಲಿಗೆ?"

"ಅದಕ್ಕೆ ವಿಜ್ಞಾನ ಇದೆ!"

ಒಕ್‌ಬುನ್ ವಿಜ್ಞಾನದ ಮುಖವನ್ನೊಮ್ಮೆ ನೋಡಿದಳು.

"ಸರಿ. ವಸಂತದೊಳಗೆ ಬಾಯ್ಲರ್ ಉರೀತು ಅಂದ್ರೆ ಮುಂದಿನ ವರ್ಷದ ಕಿಮ್ಚಿ ನೀವೊಬ್ರೇ ಹಾಕ್ಬೇಕು. ಅರವತ್ತು ಕೋಸು. ಹೆಚ್ಚೋದು, ಉಪ್ಪಲ್ಲಿ ನೆನೆಸೋದು, ತೊಳೆಯೋದು, ಎಲೆ ಎಲೆಗೂ ಖಾರ ಮೆತ್ತೋದು, ಎಲ್ಲಾ."

"ಉರೀಲಿಲ್ಲ ಅಂದ್ರೆ?"

"ಒಂದು ವರ್ಷ ನಿಮ್ಮನ್ನ 'ಕಾಲಿಗೆ ಅಡ್ಡ' ಅನ್ನಲ್ಲ."

ಮೇಷ್ಟ್ರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಂಟು ತಿಂಗಳಿಂದ ಆ ಮಾತನ್ನು ಅವರು ದಿನಕ್ಕೆ ಹತ್ತು ಸಲ ಕೇಳಿದ್ದರು. ಕಸ ಗುಡಿಸುವಾಗ ಅಡ್ಡ, ಬಟ್ಟೆ ಮಡಚುವಾಗ ಅಡ್ಡ, ಸುಮ್ಮನೆ ನಿಂತಿದ್ದಾಗಲೂ ಅಡ್ಡ! ಬಿಲ್ಲು ಬರೀ ನೆಪ. ಈ ಮನೆಯಲ್ಲಿ ತಾನೂ ಒಂದು ಉಪಯೋಗಕ್ಕೆ ಬರುವ ಸಾಮಾನು ಎಂದು ತೋರಿಸಬೇಕಿತ್ತು, ಅಷ್ಟೇ.

ಅಂದೇ ಸಮರ ಸಾರಿದರು. ಗಾಜಿನ ಸಾಮಾನಿಗೆ ಸುತ್ತುವ ಗುಳ್ಳೆ ಪ್ಲಾಸ್ಟಿಕ್ಕಿನ ಭಾರೀ ಸುರುಳಿಯೊಂದು ಬಂತು. ನೀರು ಚಿಮುಕಿಸಿ ಅದನ್ನು ಕಿಟಕಿ ಕಿಟಕಿಗೂ ಅಂಟಿಸಿದ್ದಾಯಿತು. ಬಾಗಿಲ ಸಂದಿಗಳಿಗೆ ಸ್ಪಂಜು, ಸ್ಪಂಜಿನ ಸಂದಿಗಳಿಗೆ ಹತ್ತಿ! ಹಾಲಿನ ನಟ್ಟನಡುವೆ ಟೆಂಟು, ಟೆಂಟಿನೊಳಗೆ ಹಾಸಿಗೆ. ಕೊನೆಗೆ ಬಾಲ್ಕನಿಯ ಬಾಗಿಲಿಗೆ ಮೇಲಿಂದ ಕೆಳಗಿನವರೆಗೆ ಟೇಪು ಬಳಿದು, ಎರಡು ಹೆಜ್ಜೆ ಹಿಂದೆ ಸರಿದು ತಮ್ಮ ಕೈಕೆಲಸಕ್ಕೆ ತಾವೇ ತಲೆದೂಗುತ್ತಿದ್ದಾಗ, ಗುಳ್ಳೆಗಳ ಆಚೆ ಮಸುಕು ಆಕೃತಿಯೊಂದು ದಬದಬ ಗಾಜು ಬಡಿಯತೊಡಗಿತು.

"ಯಾರದು?"

"ಮೂವತ್ತೈದು ವರ್ಷದಿಂದ ನಿಮ್ಮ ಹೆಂಡ್ತಿ! ಬಟ್ಟೆ ಒಣಹಾಕೋಕೆ ಬಂದಿದ್ದೆ!"

ಒಂದು ವಾರದಲ್ಲಿ ಪವಾಡವೇ ನಡೆಯಿತು. ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ, ಒಳಗೆ ಬಾಯ್ಲರ್ ಇಲ್ಲದೆ ಹತ್ತೊಂಬತ್ತು! ಮೇಷ್ಟ್ರು ಥರ್ಮಾಮೀಟರನ್ನು ತಟ್ಟಿ ನೋಡಿದರು, ಒದರಿ ನೋಡಿದರು. ಹತ್ತೊಂಬತ್ತೇ! ಅದರಲ್ಲೂ ಟೆಂಟಿನ ಕೆಳಗಿನ ನೆಲ ಮಲಗಿದ ಬೆಕ್ಕಿನ ಹೊಟ್ಟೆಯ ಹಾಗೆ ಬೆಚ್ಚಗಿತ್ತು.

"ಟೆಂಟಿನ ಮಹಿಮೆ ನೋಡು!"

"ಹೌದ್ಹೌದು, ಟೆಂಟಿನ ಮಹಿಮೆ," ಎಂದಳು ಒಕ್‌ಬುನ್, ಮೊಣಕಾಲು ಚಾಚಿ ಕುಳಿತು ಕಿತ್ತಳೆ ಸುಲಿಯುತ್ತಾ. ಮೇಷ್ಟ್ರು ಶಿಳ್ಳೆ ಹಾಕುತ್ತಾ ಮನೆಯೆಲ್ಲ ಓಡಾಡಿದರು.

ಸುದ್ದಿ ಬೀದಿಗೆ ಹಬ್ಬಿತು. ಬೀದಿಯ ಮುಖ್ಯಸ್ಥೆ ಹಾ ಮೇಡಂ ಬಂದರು, ಕೋಟು ಬಿಚ್ಚಿದರು, ಬಾಯಿ ಬಿಟ್ಟರು. "ಶನಿವಾರ ಹಿರಿಯರ ಸಂಘದವರನ್ನೆಲ್ಲ ಕರ್ಕೊಂಡು ಬರ್ತೀನಿ ಮೇಷ್ಟ್ರೇ! ನೀವೊಂದು ಭಾಷಣ ಮಾಡ್ಲೇಬೇಕು!"

ಭಾಷಣ! ಎಂಟು ತಿಂಗಳಿಂದ ಒಣಗಿದ್ದ ಗಂಟಲಿಗೆ ಅಮೃತ ಬಿದ್ದಂತಾಯಿತು. ಕೂತ ಕೂತಲ್ಲೇ ಏಳು ಪುಟ ಬರೆದರು.

ಆದರೆ ಒಂದು ವಿಘ್ನವಿತ್ತು. ಕೆಳಗಿನ ಮನೆಯ ಮಲ್ಸುನ್ ಅಜ್ಜಿ. ಸೋಯಾ ಕಾಳು ಬೇಯಿಸಿ ಇಟ್ಟಿಗೆಯಂತೆ ತಟ್ಟಿ, ಹುಲ್ಲಿನ ಮೇಲೆ ಜೋಡಿಸಿ, ಕಂಬಳಿ ಹೊದಿಸಿ ವಾರಗಟ್ಟಲೆ ಹುದುಗು ಬರಿಸುವುದು ಎಪ್ಪತ್ತೆಂಟರ ಆ ಅಜ್ಜಿಯ ಚಳಿಗಾಲದ ಕಾಯಕ. ಆ ಇಟ್ಟಿಗೆಗೆ ಮೆಜು ಎಂದು ಹೆಸರು. ಅದರ ವಾಸನೆಗೆ ಇನ್ನೂ ಯಾರೂ ಹೆಸರು ಇಟ್ಟಿಲ್ಲ! ಗಣ್ಯರು ಮೂಗು ಮುಚ್ಚಿಕೊಂಡು ತಮ್ಮ ಭಾಷಣ ಕೇಳುವುದೆಂದರೇನು? ಮೇಷ್ಟ್ರು ದುಂಡನೆಯ ಅಕ್ಷರದಲ್ಲಿ ನೋಟಿಸು ಬರೆದು ಮೆಟ್ಟಿಲ ಬಳಿ ಅಂಟಿಸಿದರು.

"ನೆಲಮಹಡಿಯ ಮಾನ್ಯ ನಿವಾಸಿಗಳ ಗಮನಕ್ಕೆ: ಶನಿವಾರ ಗಣ್ಯರ ಆಗಮನವಿರುವುದರಿಂದ ದುರ್ವಾಸನೆಯ ಮೂಲವನ್ನು ತಕ್ಷಣ ತೆರವುಗೊಳಿಸತಕ್ಕದ್ದು."

"ಅಲ್ಲಿರೋದು ಅಜ್ಜಿ ಒಬ್ರೇ. 'ನಿವಾಸಿಗಳು' ಅಂದ್ರೆ ಯಾರು, ಮೆಜುಗಳಾ?" ಎಂದಳು ಒಕ್‌ಬುನ್. ಅವಳ ಮುಖ ಕೆಂಪಾಗಿತ್ತು. "ಮೊದ್ಲು ಅದನ್ನ ಕಿತ್ತು ಹಾಕಿ. ಆಮೇಲೆ ಅನುಭವಿಸ್ತೀರ."

"ಆಡಳಿತದ ವಿಷಯದಲ್ಲಿ ನೀನು ತಲೆ ಹಾಕ್ಬೇಡ!"

"ಸರಿ. ಹಾಕಲ್ಲ."

ಬುಧವಾರ ಬೆಳಿಗ್ಗೆ ಅಜ್ಜಿ ಮೆಜುಗಳನ್ನೆಲ್ಲ ಟೆಂಪೋಗೆ ಹೇರಿಸಿ, ಮನೆಗೆ ಬೀಗ ಹಾಕಿ ಹಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೊರಟುಹೋದಳು. ಮೇಷ್ಟ್ರು ಎದೆ ತುಂಬ ಉಸಿರೆಳೆದುಕೊಂಡರು. ಆಹಾ, ಆಡಳಿತ ಎಂದರೆ ಇದು!

ಸಂಜೆಗೆ ಥರ್ಮಾಮೀಟರ್ ಹದಿನೈದಕ್ಕಿಳಿಯಿತು. ಗುರುವಾರ ಹನ್ನೊಂದು. ಶುಕ್ರವಾರ ಬೆಳಿಗ್ಗೆ ಏಳು! ಗುಳ್ಳೆಯ ಮೇಲೆ ಗುಳ್ಳೆ, ಟೆಂಟಿನ ಮೇಲೆ ಕಂಬಳಿ. ಮೇಷ್ಟ್ರು ಕಾಗದದ ಚೂರು ಹಿಡಿದು ಎಲ್ಲಿಂದ ಗಾಳಿ ನುಗ್ಗುತ್ತಿದೆ ಎಂದು ಗೋಡೆ ಗೋಡೆಯನ್ನೂ ವಿಚಾರಣೆ ಮಾಡಿದರು. ಯಾವ ಗೋಡೆಯೂ ತಪ್ಪೊಪ್ಪಿಕೊಳ್ಳಲಿಲ್ಲ. ಒಕ್‌ಬುನ್ ಕೋಟು, ಟೋಪಿ, ಕೈಗವಸು ಧರಿಸಿ ಮೂಲಂಗಿ ಹೆಚ್ಚುತ್ತಿದ್ದಳು.

"ಕಿಮ್ಚಿ ಫ್ರಿಜ್ ತೆಗೆದ್ರೆ ಬಿಸಿಗಾಳಿ ಬಂದಂಗಾಗತ್ತೆ ಮೇಷ್ಟ್ರೇ. ಬಾಯ್ಲರ್ ಹಾಕ್ಲಾ?"

"ಬೇಡ!"

ಅವಳು ಗೋಡೆ ಹಿಡಿದು ಎದ್ದಳು. ಮೊಣಕಾಲು ಲಟಕ್ಕೆಂದಿತು. ಅವಳು ಮೂಲಂಗಿಯ ಬಟ್ಟಲು ತೆಗೆದುಕೊಂಡು ಹೊರಟಳು. ಆ ಒಂದು ಸದ್ದಿಗೆ ಮೇಷ್ಟ್ರಿಗೆ ತಮ್ಮ ಮೇಲೆ ವಿಪರೀತ ನಾಚಿಕೆಯಾಯಿತು. ಕೋಸು ಅರವತ್ತಲ್ಲ, ಆರುನೂರಾಗಲಿ! ನೇರವಾಗಿ ಹೋಗಿ ಬಾಯ್ಲರ್ ಗುಂಡಿಯ ಮೇಲೆ ಬೆರಳಿಟ್ಟರು.

"ತಡೀರಿ," ಎಂದಳು ಒಕ್‌ಬುನ್. "ಮೊದ್ಲು ಟೆಂಟಿನ ಕೆಳಗೆ ನೆಲ ಮುಟ್ಟಿ ನೋಡಿ."

"ಮಂಜುಗಡ್ಡೆ ಥರ ಇದೆ."

"ಅದರ ಕೆಳಗೆ ಯಾರ ಕೋಣೆ?"

"ಮಲ್ಸುನ್ ಅಜ್ಜೀದು."

"ಮೆಜುಗೆ ಸದಾ ಬೆಚ್ಚಗಿನ ನೆಲ ಬೇಕು. ಅವರ ಬಾಯ್ಲರ್ ಬಿಸಿ ಅವರ ಚಾವಣಿಗೆ, ಚಾವಣಿಯಿಂದ ನಮ್ಮ ನೆಲಕ್ಕೆ. ನಿಮ್ಮ ಪವಾಡಾನ ಟೆಂಪೋಲಿ ಹಾಕ್ಕೊಂಡು ಹೋದ್ರು ಅಜ್ಜಿ!"

ಮಧ್ಯಾಹ್ನದ ಬಸ್ಸಿಗೆ ಮೇಷ್ಟ್ರು ಹಳ್ಳಿಗೆ ಹೊರಟರು. ಅಜ್ಜಿ ತಂಗಿಯ ಜಗಲಿಯಲ್ಲಿ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ತಪ್ಪಾಯ್ತು ಅಜ್ಜಿ. ವಾಪಸ್ ಬನ್ನಿ."

"ದುರ್ವಾಸನೆ?"

"ಪರಿಮಳ ಅಜ್ಜಿ, ಪರಿಮಳ!"

"ದುಂಡಗೆ ಬರೆದಿದ್ಯಲ್ಲಪ್ಪ."

"ಅಕ್ಷರ ದುಂಡಗಿತ್ತು ಅಜ್ಜಿ, ತಲೇಲಿ ಏನೂ ಇರ್ಲಿಲ್ಲ."

ಅಜ್ಜಿ ಗೊಳ್ಳನೆ ನಕ್ಕಳು. "ದಿನಾ ಸೊರ್ ಸೊರ್ ಅಂತ ಸಾರು ಕುಡೀತೀಯಲ್ಲ, ಅದೆಲ್ಲಿಂದ ಬಂತು ಅನ್ಕೊಂಡೆ? ಹತ್ತು ವರ್ಷದಿಂದ ನನ್ನ ಮೆಜುನೇ! ಇನ್ನೊಂದು ಕೇಳು. ಪ್ರತೀ ವರ್ಷ ಹಿಂದಿನ ಕೋಣೇಲಿ ಇಡ್ತಿದ್ದೆ. ಈ ವರ್ಷ ಸರಿಯಾಗಿ ನಿನ್ನ ಟೆಂಟಿನ ಕೆಳಗೆ ಯಾಕೆ ಬಂತು?"

"ಯಾಕೆ?"

"ನೀನು ಶಪಥ ಮಾಡಿದ ದಿನಾನೇ ನಿನ್ನ ಹೆಂಡ್ತಿ ಬಂದು ಕೇಳ್ಕೊಂಡ್ಲು. ನನ್ನ ಗ್ಯಾಸ್ ಬಿಲ್ಲಲ್ಲಿ ಅರ್ಧ ಅವಳದು. ಒಂದೇ ಉರಿ, ಎರಡು ಮನೆ. ಇಬ್ಬರಿಗೂ ಉಳಿತಾಯ."

"ನಂಗ್ಯಾಕೆ ಹೇಳ್ಲಿಲ್ಲ?"

"ಆಮೇಲೊಂದಿನ ನಾನೂ ಅದನ್ನೇ ಕೇಳ್ದೆ. 'ಎಂಟು ತಿಂಗಳಲ್ಲಿ ಮೊದಲನೇ ಸಲ ಮನುಷ್ಯ ಶಿಳ್ಳೆ ಹಾಕ್ತಿದ್ದಾರೆ ಅಜ್ಜಿ, ಹಾಳ್ಮಾಡೋಕೆ ಮನಸ್ಸಿಲ್ಲ' ಅಂದ್ಲು."

ಎಂಥ ಹೆಂಗಸಿಗೆ ಆಡಳಿತ ಕಲಿಸಲು ಹೋಗಿದ್ದೆ ಎಂದುಕೊಂಡರು ಮೇಷ್ಟ್ರು. ಮೆಜುವಿನ ಮೂಟೆಗಳನ್ನು ಸೀಟುಗಳ ಕೆಳಗೆಲ್ಲ ತುರುಕಿ, ಕೊನೆಯದನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿಯ ಜೊತೆ ಬಸ್ಸಿನಲ್ಲಿ ವಾಪಸಾದರು. ಆ ಕಡುಚಳಿಯಲ್ಲೂ ಪ್ರಯಾಣಿಕರು ಕಿಟಕಿಗಳನ್ನೆಲ್ಲ ತೆರೆದಿಟ್ಟರು!

ಶನಿವಾರ ಹಿರಿಯರ ಸಂಘ ಬಂದಾಗ ಮನೆ ಹದಿನೆಂಟು ಡಿಗ್ರಿ. ಮೇಷ್ಟ್ರು ಏಳು ಪುಟಗಳನ್ನು ಮಡಚಿ ಜೇಬಿಗಿಟ್ಟು, ಎಲ್ಲರನ್ನೂ ಕೆಳಗಿನ ಮನೆಗೆ ಕರೆದೊಯ್ದರು. ಮೆಜುಗಳ ನಡುವೆ ಕುಳಿತಿದ್ದ ಅಜ್ಜಿಯನ್ನೂ ಒಕ್‌ಬುನ್‌ಳನ್ನೂ ತೋರಿಸಿ ನಡೆದದ್ದನ್ನೆಲ್ಲ ಹೇಳಿದರು.

"ಶಾಖ ಇವರದು, ಬುದ್ಧಿ ಇವರದು. ನಾನು ಮಾಡಿದ್ದು ಕಿಟಕಿಗೆ ಗುಳ್ಳೆ ಅಂಟಿಸಿದ್ದಷ್ಟೇ."

"ಅದೇನು ಸಣ್ಣ ಕೆಲಸ ಅಲ್ಲ," ಎಂದಳು ಒಕ್‌ಬುನ್, ಎಲ್ಲರಿಗೂ ಕೇಳುವ ಹಾಗೆ. "ಅವರು ಅಂಟಿಸದೇ ಇದ್ದಿದ್ರೆ ಬಂದ ಬಿಸಿಯೆಲ್ಲ ಬೀದಿ ಪಾಲಾಗ್ತಿತ್ತು."

ಹಿರಿಯರು ಚಪ್ಪಾಳೆ ತಟ್ಟಿದರು. ಮೇಷ್ಟ್ರ ಎದೆ ಉಬ್ಬಿತು. ಎದೆ ಉಬ್ಬಿದರೆ ಅವರ ನಾಲಿಗೆ ಸುಮ್ಮನಿರುವುದಿಲ್ಲ.

"ಹಾಗಾದ್ರೆ ಪಂದ್ಯ ನಂದೇ! ನಮ್ಮ ಬಾಯ್ಲರ್ ಉರೀಲೇ ಇಲ್ಲ!"

"ಅರ್ಧ ಬಿಲ್ಲು ಕೊಟ್ಟ ಮೇಲೆ ಈ ಬಾಯ್ಲರೂ ಅರ್ಧ ನಮ್ದೇ ಅಲ್ವೇನ್ರೀ?" ಎಂದಳು ಒಕ್‌ಬುನ್. "ಅರ್ಧ ಉರಿದಿದೆ. ಹೋಗ್ಲಿ, ಮೂವತ್ತೇ ಕೋಸು ಹಾಕಿ."

ಮೂವತ್ತು! ಅರ್ಧಕ್ಕರ್ಧ ಮಾಫಿ! ಮೇಷ್ಟ್ರು ನೆಮ್ಮದಿಯ ಉಸಿರುಬಿಡುವಷ್ಟರಲ್ಲಿ ಅಜ್ಜಿ ಒಂದು ಮೆಜುವಿನ ಮಗ್ಗುಲು ಬದಲಿಸುತ್ತಾ ಹೇಳಿದಳು:

"ಇನ್ನರ್ಧ ಬಾಯ್ಲರ್ ನಂದಲ್ವೇನಪ್ಪ? ನಮ್ಮನೆ ಮೂವತ್ತು ಕೋಸೂ ಮೇಲಕ್ಕೇ ಕಳಿಸ್ತೀನಿ."